ಫ್ಲೆಕ್ಸ್ ಇಳಿಸಿ ಅಪ್ಪಾಜಿ

ಟೆಕ್ಸಾಸ್,
ಸೆಪ್ಟೆಂಬರ್ ಕೊನೇ ವಾರ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ?

ಓಣಿಯ ಹುಡುಗರು ಗಣೇಶನ ಹಬ್ಬಕ್ಕೆ ಕಟ್ಟಿದ ಫ್ಲೆಕ್ಸ್ ಫೋಟೊ ನೋಡಿದೆ. ನಡುವೆ ನಾನು, ಹಿಂದೆ ಹೆಲಿಕಾಪ್ಟರ್, ಕೆಳಗೆ ‘ಅಮೆರಿಕಾ ಮಿಲಿಟರಿಯಲ್ಲಿ ಬಳ್ಳಾರಿ ಹುಲಿ’. ಪಕ್ಕದಲ್ಲಿ ಬಾಯಿ ತೆರೆದ ಹುಲಿ ಬೇರೆ. ಆ ಹೆಲಿಕಾಪ್ಟರ್ ಎಲ್ಲಿಂದ ತಂದರೋ ಏನೋ, ನಾನಂತೂ ಇವತ್ತಿನವರೆಗೆ ಒಂದನ್ನೂ ಹತ್ತಿಲ್ಲ. ಅಪ್ಪಾಜಿ, ನಾನು ಮಿಲಿಟರಿಯಲ್ಲಿ ಇಲ್ಲ. ಮೂರು ವರ್ಷದಿಂದ ಫೋನಲ್ಲಿ ಹೇಳುತ್ತಲೇ ಇದ್ದೇನೆ. ನೀವು ಸ್ಪೀಕರ್ ಹಾಕಿರುತ್ತೀರಿ. ನಾನು ‘ಆರ್ಮಿ’ ಅನ್ನುವಷ್ಟರಲ್ಲಿ ಕಟ್ಟೆ ಮೇಲೆ ಕೂತವರೆಲ್ಲ ‘ಭಲೇ’ ಅಂದುಬಿಡುತ್ತಾರೆ. ಮುಂದಿನ ಮಾತು ಯಾರಿಗೂ ಬೇಡ. ಅದಕ್ಕೇ ಈ ಕಾಗದ. ಪುಟ್ಟಿ ಕೈಲಿ ಓದಿಸಿ. ಪುಟ್ಟಿ, ನಿಧಾನಕ್ಕೆ ಓದಮ್ಮ. ನಡುವೆ ಒಂದು ಕಡೆ ನಿನಗೂ ಒಂದು ಮಾತು ಬರೆದಿದ್ದೇನೆ.

ನಾನು ಪೊಲೀಸ್. ನಿಮ್ಮ ಹಾಗೇ. ಠಾಣೆ ಮಿಲಿಟರಿ ಕ್ಯಾಂಪಿನ ಒಳಗಿದೆ, ಅಷ್ಟೇ. ಸಂಬಳ ಬರುವುದು ಆರ್ಮಿ ಇಲಾಖೆಯಿಂದ, ಆದರೆ ನಾನು ಸಿವಿಲಿಯನ್, ಅಂದರೆ ಸೈನಿಕನಲ್ಲದ ನೌಕರ. ಇಲ್ಲಿ ಕೇಂದ್ರ ಸರ್ಕಾರದ ಕೆಲಸಗಳಿಗೆ ನಂಬರ್ ಕೊಟ್ಟಿರುತ್ತಾರೆ. 0083 ಅಂದರೆ ಪೊಲೀಸ್, 0085 ಅಂದರೆ ಸೆಕ್ಯೂರಿಟಿ ಗಾರ್ಡ್. ನಂದು 0083. ದೊಡ್ಡಮಾವ ‘ಗೇಟ್ ಕಾಯುವ ಕೆಲಸ ಅಲ್ವಾ’ ಅಂದರಂತಲ್ಲ, ಅವರಿಗೆ ಈ ನಂಬರ್ ಹೇಳಿ. ಗೇಟ್ ಡ್ಯೂಟಿ ನನಗೂ ಬೀಳುತ್ತದೆ, ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಐದೂವರೆಗೇ ಕಾರಿನ ಸಾಲು ನಿಂತಿರುತ್ತದೆ. ಒಂದೊಂದು ಕಾರ್ಡನ್ನೂ ಕೈಗೆ ತೆಗೆದುಕೊಂಡು, ಸ್ಕ್ಯಾನ್ ಮಾಡಿ, ಫೋಟೊ ನೋಡಿ, ಮುಖ ನೋಡಿ ಬಿಡಬೇಕು. ಕೌಲ್ ಬಜಾರ್ ರೈಲ್ವೆ ಗೇಟ್ ತೆಗೆದಾಗ ಗಾಡಿಗಳು ನುಗ್ಗುತ್ತವಲ್ಲ, ಹಂಗೆ ನುಗ್ಗುವ ಹಾಗಿಲ್ಲ. ಅದೊಂದೇ ವ್ಯತ್ಯಾಸ.

ಅವ್ವ, ನನ್ನನ್ನು ಯುದ್ಧಕ್ಕೆ ಕಳಿಸಬಾರದು ಅಂತ ದುರ್ಗಮ್ಮನಿಗೆ ಹರಕೆ ಹೊತ್ತಿದ್ದೀಯಂತೆ. ಯುದ್ಧಕ್ಕೆ ಹೋಗುವುದು ನನ್ನ ಕೆಲಸವೇ ಅಲ್ಲ. ಹರಕೆ ಬೇಕಾದರೆ ತೀರಿಸಿಬಿಡು, ದುರ್ಗಮ್ಮನ ಸಾಲ ಇಟ್ಟುಕೊಳ್ಳಬಾರದು. ಸೈನಿಕ ಒಮ್ಮೆ ಸಹಿ ಹಾಕಿದರೆ ಅಷ್ಟು ವರ್ಷ ಇರಲೇಬೇಕು. ಹೇಳದೆ ಕೇಳದೆ ಹೋದರೆ ಮಿಲಿಟರಿ ಕಾನೂನು ಅವನನ್ನು ಬಿಡುವುದಿಲ್ಲ. ನನಗೆ ಆ ಕಾನೂನು ಇಲ್ಲ. ನಾನು ಇವತ್ತು ರಾಜೀನಾಮೆ ಬರೆದುಕೊಟ್ಟು ನಾಳೆ ಮನೇಲಿ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಬಹುದು. ಮಿರ್ಚಿ ಮಾಡಿಕೊಡುವವರು ಇಲ್ಲಿ ಇಲ್ಲ, ಅದು ಬೇರೆ ಮಾತು.

‘ಅಷ್ಟು ಮಿಲಿಟರಿ ಇರುವ ಕಡೆ ಪೊಲೀಸ್ ಯಾಕೆ ಬೇಕು’ ಅಂತ ನೀವು ಹೋದ ಸಲ ಕೇಳಿದ್ದಿರಿ. ಕೇಳಬೇಕಾದ ಪ್ರಶ್ನೆಯೇ. ಕ್ಯಾಂಪ್ ಅಂದರೆ ಡೇರೆ ಹಾಕಿದ ಬಯಲು ಅಂದುಕೊಳ್ಳಬೇಡಿ. ಒಂದು ಊರೇ ಅದು. ಮನೆ, ಸ್ಕೂಲು, ಆಸ್ಪತ್ರೆ, ಅಂಗಡಿ, ಚರ್ಚು ಎಲ್ಲ ಇವೆ. ಊರಲ್ಲಿ ಏನೇನು ಕೇಸು ಬರುತ್ತವೋ ಇಲ್ಲೂ ಅವೇ. ಗಂಡ ಹೆಂಡತಿ ಜಗಳ, ಕುಡಿದು ಗಾಡಿ ಓಡಿಸುವುದು, ಮಕ್ಕಳ ಸೈಕಲ್ ಕಳವು. ಗೇಟಿನ ಹೊರಗಿನ ಊರು ಇದ್ದದ್ದೇ ಈ ಕ್ಯಾಂಪಿನಿಂದ. ಕಟಿಂಗ್ ಶಾಪು, ಹಳೇ ಕಾರಿನ ಅಂಗಡಿ, ಗಿರವಿ ಅಂಗಡಿ. ನಮ್ಮ ಕಂಟೋನ್ಮೆಂಟ್‌ನಲ್ಲಿ ಬ್ರಿಟಿಷರ ದಂಡು ಇದ್ದಾಗ ಕೌಲ್ ಬಜಾರ್ ಹೀಗೇ ಇತ್ತೇನೋ ಅನಿಸುತ್ತದೆ. ಅಲ್ಲಿ ದಂಡು ಹೋಗಿ ಹೆಸರು ಉಳಿಯಿತು, ಇಲ್ಲಿ ಇನ್ನೂ ದಂಡು ಇದೆ.

ಮಿಲಿಟರಿ ಪೊಲೀಸ್ ಅಂತಲೂ ಇದ್ದಾರೆ, ಎಂ.ಪಿ. ಅನ್ನುತ್ತಾರೆ. ಅವರು ಸೈನಿಕರೇ. ನಾವು ಅವರು ಒಂದೇ ಶಿಫ್ಟ್‌ನಲ್ಲಿ ಕೆಲಸ ಮಾಡುತ್ತೇವೆ, ಮೇಲೆ ಪ್ರೊವೋಸ್ಟ್ ಮಾರ್ಷಲ್ ಅಂತ ಆರ್ಮಿ ಅಧಿಕಾರಿ ಇರುತ್ತಾರೆ. 2001ರ ನಂತರ ಎಂ.ಪಿ.ಗಳನ್ನು ಅಫ್ಘಾನಿಸ್ತಾನಕ್ಕೆ, ಆಮೇಲೆ ಇರಾಕಿಗೆ ಕಳಿಸಿದರು. ಗೇಟಲ್ಲಿ ನಿಲ್ಲಲು ಜನ ಕಡಿಮೆಯಾದರು. ಮೊದಲು ಖಾಸಗಿ ಗಾರ್ಡ್‌ಗಳನ್ನು ಕಂಟ್ರಾಕ್ಟ್ ಮೇಲೆ ತಂದರು, ಆಮೇಲೆ ಇಲಾಖೆಯೇ ಸಿವಿಲಿಯನ್‌ಗಳನ್ನು ತೆಗೆದುಕೊಂಡಿತು. ಇನ್ನೊಂದು ಕಾರಣವೂ ಇದೆ. ಸೈನಿಕರಿಗೆ ಎರಡು ಮೂರು ವರ್ಷಕ್ಕೆ ವರ್ಗ. ನಾವು ಇಲ್ಲೇ ಇರುತ್ತೇವೆ. ಯಾವ ಕ್ವಾರ್ಟರ್ಸ್‌ನ ನಾಯಿ ಕಚ್ಚುತ್ತದೆ, ಯಾವ ಮನೇಲಿ ಸಂಬಳದ ದಿನ ರಾತ್ರಿ ಗಲಾಟೆ ಆಗುತ್ತದೆ, ನಮಗೆ ಗೊತ್ತಿರುತ್ತದೆ. ನೀವು ಬೀಟ್ ತಿರುಗುವಾಗ ಇದ್ದ ಹಾಗೆ.

ಮತ್ತೆ ಈ ದೇಶದಲ್ಲಿ 1878ರಲ್ಲಿ ಮಾಡಿದ ಒಂದು ಕಾನೂನಿದೆ. ಪಾಸಿ ಕಾಮಿಟೇಟಸ್ ಅಂತ ಹೆಸರು, ಪುಟ್ಟಿಗೆ ಓದಲು ಕಷ್ಟ. ಸೈನ್ಯವನ್ನು ಜನರ ಮೇಲೆ ಪೊಲೀಸ್ ಕೆಲಸಕ್ಕೆ ಬಿಡಬಾರದು ಅನ್ನುವುದು ಅದರ ಸಾರ. ಕ್ಯಾಂಪಿನ ಒಳಗೆ ಎಂ.ಪಿ.ಗೆ ಅಧಿಕಾರ ಇದೆ, ಗೇಟಿನ ಹೊರಗೆ ಹೋಗಿ ಊರಿನವರನ್ನು ಹಿಡಿದರೆ ಈ ಕಾನೂನು ಅಡ್ಡ ಬರುತ್ತದೆ.

ಈಗ ಕಟ್ಟೆಯವರು ನಂಬದ ಮಾತು ಹೇಳುತ್ತೇನೆ. ಈ ಕ್ಯಾಂಪಿನಲ್ಲಿ ಸಾವಿರಾರು ಸೈನಿಕರಿದ್ದಾರೆ. ಅಂಗಡಿಗೆ ಬರುವಾಗ, ಊಟಕ್ಕೆ ಹೋಗುವಾಗ ಅವರ ಕೈಯಲ್ಲಿ ಬಂದೂಕು ಇರುವುದಿಲ್ಲ. ಎಲ್ಲ ಲೆಕ್ಕ ಬರೆದು ಕೋಣೆಯಲ್ಲಿ ಬೀಗ ಹಾಕಿರುತ್ತಾರೆ. ಅಭ್ಯಾಸಕ್ಕೆ ಬೇಕಾದಾಗ ಸಹಿ ಹಾಕಿ ತೆಗೆದುಕೊಳ್ಳಬೇಕು, ವಾಪಸ್ ಎಣಿಸಿ ಕೊಡಬೇಕು. ದಿನಾಲೂ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ತಿರುಗುವವರು ನಾವು, ಪೊಲೀಸರು. ಫ್ಲೆಕ್ಸ್ ಬರೆದವರಿಗೆ ಇದು ಗೊತ್ತಾದರೆ ಇನ್ನೊಂದು ಹುಲಿ ಹಾಕುತ್ತಾರೆ.

ಪುಟ್ಟಿ, ಮುಂದಿನ ಪ್ಯಾರಾ ಅಜ್ಜಿ ಮುಂದೆ ಓದಬೇಡ. ಅಜ್ಜನಿಗೆ ಆಮೇಲೆ ಓದಿ ಹೇಳು.

ಅಪ್ಪಾಜಿ, ಇದೇ ಟೆಕ್ಸಾಸಿನ ಮಿಲಿಟರಿ ಕ್ಯಾಂಪ್ ಫೋರ್ಟ್ ಹುಡ್‌ನಲ್ಲಿ 2009ರ ನವೆಂಬರ್ 5ರಂದು ಸೈನ್ಯದ ಒಬ್ಬ ಮೇಜರ್, ಅದೂ ಡಾಕ್ಟರ್, ತನ್ನವರ ಮೇಲೇ ಗುಂಡು ಹಾರಿಸಿದ. ವಿದೇಶಕ್ಕೆ ಹೋಗುವ ಮೊದಲು ವೈದ್ಯಕೀಯ ತಪಾಸಣೆಗೆ ಸಾಲಲ್ಲಿ ಕೂತಿದ್ದ ಸೈನಿಕರು. ಯಾರ ಕೈಯಲ್ಲೂ ಆಯುಧ ಇಲ್ಲ. 13 ಜನ ಸತ್ತರು, 30ಕ್ಕಿಂತ ಜಾಸ್ತಿ ಜನಕ್ಕೆ ಗಾಯ. ಅವನನ್ನು ನಿಲ್ಲಿಸಿದವರು ಇಬ್ಬರು ಸಿವಿಲಿಯನ್ ಪೊಲೀಸರು, ಕಿಂಬರ್ಲಿ ಮನ್ಲಿ ಮತ್ತು ಮಾರ್ಕ್ ಟಾಡ್. ಆಕೆಗೆ ಗುಂಡು ತಗುಲಿ ಬಿದ್ದಳು, ಟಾಡ್ ಹೊಡೆದ ಗುಂಡಿಗೆ ಅವನು ಬಿದ್ದ. ಡ್ಯೂಟಿಗೆ ಹೋಗುವ ಮೊದಲು ಬೆಲ್ಟ್ ಬಿಗಿಯುವಾಗ ಒಮ್ಮೊಮ್ಮೆ ಇದು ನೆನಪಾಗುತ್ತದೆ. ನೀವು ಗಲಾಟೆ ಬಂದೋಬಸ್ತಿಗೆ ಹೋಗುವ ರಾತ್ರಿ ಅವ್ವನಿಗೆ ‘ಸುಮ್ನೆ ಹೋಗಿ ಬರ್ತೀನಿ’ ಅನ್ನುತ್ತಿದ್ದಿರಿ. ನಾನೂ ಈಗ ಹೆಂಡತಿಗೆ ಅದನ್ನೇ ಅನ್ನುತ್ತೇನೆ.

ಪುಟ್ಟಿ, ಇಲ್ಲಿಂದ ಜೋರಾಗಿ ಓದು.

ನಿಮಗೆ ಖುಷಿಯಾಗುವ ವಿಷಯ. ಇಲ್ಲಿ ನಾನು ಯಾರಿಗೂ ಸಲ್ಯೂಟ್ ಹೊಡೆಯಬೇಕಾಗಿಲ್ಲ. ಸೈನಿಕ ತನ್ನ ಅಧಿಕಾರಿಗೆ ಹೊಡೆಯಬೇಕು, ಸಿವಿಲಿಯನ್‌ಗೆ ಆ ರೂಲು ಇಲ್ಲ. ‘ಗುಡ್ ಮಾರ್ನಿಂಗ್ ಸರ್’ ಅಂದರೆ ಸಾಕು. ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ? ಹೋದ ತಿಂಗಳು ಕ್ವಾರ್ಟರ್ಸ್ ರಸ್ತೆಯಲ್ಲಿ ಒಂದು ಕಾರು ಹಿಡಿದೆ. ಗಂಟೆಗೆ 20 ಮೈಲಿ ಮಿತಿ, ಇವರು 36ರಲ್ಲಿ ಬಂದರು. ಕಿಟಕಿ ಇಳಿಯಿತು, ನೋಡುತ್ತೇನೆ, ಎದೆ ಮೇಲೆ ಹದ್ದಿನ ಗುರುತು. ಕರ್ನಲ್! ನನ್ನ ಬಲಗೈ ತಾನೇ ಮೇಲೆ ಏಳಲು ಹೊರಟಿತು. ನಲವತ್ತು ವರ್ಷ ನೀವು ಹೊಡೆದ ಸಲ್ಯೂಟ್ ನನ್ನ ಭುಜದಲ್ಲೂ ಕೂತಿದೆ ಅಂತ ಕಾಣುತ್ತದೆ. ಅರ್ಧದಲ್ಲಿ ತಡೆದು, ಟೋಪಿ ಸರಿ ಮಾಡಿಕೊಂಡ ಹಾಗೆ ಮಾಡಿದೆ. ‘ಹಾಲು ತರಲು ಹೋಗುತ್ತಿದ್ದೆ’ ಅಂದರು. ಕರ್ನಲ್ ಮನೆಯಲ್ಲೂ ಹಾಲು ಖಾಲಿ ಆಗುತ್ತದೆ ನೋಡಿ.

ಗಾಡಿ ಹಿಡಿದಾಗ ನಾವು ಬರೆಯುವ ಚೀಟಿಯಲ್ಲಿ ಎರಡು ಥರ. 1805 ಅನ್ನುವ ಫಾರ್ಮ್ ಬರೆದರೆ ದಂಡ, ಇಲ್ಲವೇ ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬೇಕು. ಕ್ಯಾಂಪಿಗೆ ಬಂದ ಹೊರಗಿನವರಿಗೆ ಹೆಚ್ಚಾಗಿ ಅದೇ. 1408ಕ್ಕೆ ದುಡ್ಡು ಕಟ್ಟಬೇಕಿಲ್ಲ, ಆದರೆ ಆ ಕಾಗದ ಸೀದಾ ಅವರ ಕಮಾಂಡರ್ ಮೇಜಿಗೆ ಹೋಗುತ್ತದೆ. ಸೈನಿಕರು ದಂಡ ಕಟ್ಟಿಯಾರು, ಇದಕ್ಕೆ ಹೆದರುತ್ತಾರೆ. ಕರ್ನಲ್‌ಗೆ 1408 ಬರೆದೆ. ಪೆನ್ನು ಹಿಡಿದ ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ. ಅವರ ಮುಖ ಕೆಂಪಾಗಿತ್ತು. ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡು, ‘ಸರಿ ಆಫೀಸರ್’ ಅಂತ ಹೇಳಿ ಹೋದರು, 20ರಲ್ಲೇ. ನನಗೆ ಮೇಲಿನಿಂದ ಫೋನ್ ಬರುತ್ತದೆ ಅಂತ ಸಂಜೆವರೆಗೆ ಕಾದೆ. ಬರಲಿಲ್ಲ. ನಿಮ್ಮ ಕಾಲದಲ್ಲಿ ಗಾಡಿ ಹಿಡಿದು ಠಾಣೆಗೆ ತರುವ ಮೊದಲೇ ಫೋನ್ ಬಂದಿರುತ್ತಿತ್ತು ಅಂತ ನೀವೇ ಹೇಳಿದ್ದಿರಿ.

ಇನ್ನೊಂದು ಹೇಳಬೇಕು. ಸಂಜೆ ಐದಕ್ಕೆ ಬಾವುಟ ಇಳಿಸುತ್ತಾರೆ. ಮೊದಲು ಧ್ವನಿವರ್ಧಕದಲ್ಲಿ ಕಹಳೆ, ಆಮೇಲೆ ಒಂದು ತೋಪು. ಹೋಗುತ್ತಿದ್ದ ಕಾರುಗಳು ಎಲ್ಲಿದ್ದವೋ ಅಲ್ಲೇ ನಿಲ್ಲುತ್ತವೆ. ಒಳಗಿದ್ದವರು ಇಳಿದು ಬಾವುಟದ ಕಡೆ ತಿರುಗಿ ನಿಲ್ಲುತ್ತಾರೆ. ಓಡುತ್ತಿದ್ದವನೂ ನಿಲ್ಲುತ್ತಾನೆ, ಮಗುವಿನ ಗಾಡಿ ತಳ್ಳುತ್ತಿದ್ದ ತಾಯಿಯೂ ನಿಲ್ಲುತ್ತಾಳೆ. ಗೇಟಲ್ಲಿ ನಾನೂ ಕಾರ್ಡ್ ನೋಡುವುದು ನಿಲ್ಲಿಸುತ್ತೇನೆ. ಮೊದಲನೇ ಸಲ ಇದನ್ನು ಕಂಡಾಗ ನನಗೆ ನೆನಪಾಗಿದ್ದು ಮೈಲಾರ. ಚಿಕ್ಕವನಿದ್ದಾಗ ನಿಮ್ಮ ಜೊತೆ ಜಾತ್ರೆ ಬಂದೋಬಸ್ತಿಗೆ ಬಂದು ಪೊಲೀಸ್ ವ್ಯಾನಿನ ಮೇಲೆ ಕೂತಿದ್ದೆನಲ್ಲ. ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ. ಅಷ್ಟು ಜನರ ಬಾಯಿ ಒಂದೇ ಸಲ ಮುಚ್ಚಿತು. ಎತ್ತಿನ ಕೊರಳ ಗಂಟೆ ಮಾತ್ರ ಎಲ್ಲೋ ದೂರ ಕೇಳಿಸಿತು. ಆಮೇಲೆ ಕಾರ್ಣಿಕ ಏನು ನುಡಿದನೋ ನೆನಪಿಲ್ಲ. ನೀವು ಲಾಠಿ ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದಿದ್ದು ನೆನಪಿದೆ.

ಪೆನ್ಷನ್ ಕೇಳುತ್ತೀರಿ ಅಂತ ಗೊತ್ತು. ಇಲ್ಲಿ ಕೇಂದ್ರದ ಕೆಲವು ಪೊಲೀಸರಿಗೆ 20 ವರ್ಷ ಸರ್ವಿಸ್ ಆಗಿ 50 ತುಂಬಿದರೆ ಪೂರ್ತಿ ನಿವೃತ್ತಿ. ರಕ್ಷಣಾ ಇಲಾಖೆಯ ನಮ್ಮಂಥ ಹೆಚ್ಚಿನವರು ಆ ಲೆಕ್ಕದಲ್ಲಿ ಬರುವುದಿಲ್ಲ. ಮಾಮೂಲಿ ನೌಕರರಿಗೆ ಏನೋ ಅದೇ ನಮಗೂ. ಹಾಗಾಗಿ ಇನ್ನೂ ಬಹಳ ವರ್ಷ ದುಡಿಯುವುದಿದೆ.

ಓಣಿಯ ಹುಡುಗರು ತಮ್ಮನ್ನೂ ಸೇರಿಸು ಅಂತ ಮೆಸೇಜ್ ಹಾಕುತ್ತಿದ್ದಾರೆ. ಈ ಕೆಲಸಕ್ಕೆ ಇಲ್ಲಿನ ಪೌರತ್ವ ಬೇಕು ಅಂತ ತಿಳಿಸಿ. ನಾನು ಪಾಸ್‌ಪೋರ್ಟ್ ಬದಲಿಸಿದ ದಿನ ಅವ್ವ ಎಷ್ಟು ಅತ್ತಳು ಅಂತಲೂ ತಿಳಿಸಿ.

ಫ್ಲೆಕ್ಸ್ ಮಾತ್ರ ಈ ವಾರವೇ ಇಳಿಸಿಬಿಡಿ. ಹರಿಯಬೇಡಿ, ಒಳ್ಳೇ ಗಟ್ಟಿ ಶೀಟು ಇದ್ದ ಹಾಗಿದೆ. ಮೆಣಸಿನಕಾಯಿ ಬಂದಾಗ ಮಾಳಿಗೆ ಮೇಲೆ ಒಣಹಾಕಲು ಅವ್ವನಿಗೆ ಬೇಕಾಗುತ್ತದೆ. ನನ್ನ ಮುಖ ಕೆಳಗೆ ಮಾಡಿ ಹಾಸಿ.

ಇಂತಿ ನಿಮ್ಮ ಮಗ