ಪುಟ್ಟಿಗೆ, ಫ್ಲಾರಿಡಾಕ್ಕೆ ಹೊರಡುವ ಮುಂಚೆ

ಪ್ರೀತಿಯ ಪುಟ್ಟಿ,

ಮಾವನ ಆಶೀರ್ವಾದಗಳು. ವೀಸಾ ಬಂತು ಅಂತ ನಿಮ್ಮಮ್ಮ ಫೋನ್ ಮಾಡಿದಾಗ ನಾನು ತೋಟದಲ್ಲಿದ್ದೆ. ಖುಷಿಗೆ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆ ಮಗು ಕೆನಡಿ ಸ್ಪೇಸ್ ಸೆಂಟರಿಗೆ, ಸ್ಪೇಸ್ ಸೆಟಲ್‌ಮೆಂಟ್ ಡಿಸೈನ್ ಸ್ಪರ್ಧೆಯ ಫೈನಲ್‌ಗೆ ಹೊರಟಿದೆ! ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಗುರುಗ್ರಾಮದ ಏಷ್ಯಾ ಸುತ್ತಿನಲ್ಲಿ ನೀನು ಬಾಯೇ ಬಿಡಲಿಲ್ಲವಂತೆ. ಲೆಕ್ಕ ಮಾಡಿದ್ದು ನೀನು, ಮಾತಾಡಿದ್ದು ಬೇರೆಯವರು. ಅದಕ್ಕೇ ಈ ಕಾಗದ.

ಅಲ್ಲಿನ ರೀತಿ ನಿನಗೆ ಗೊತ್ತಲ್ವಾ? ಬೇರೆ ಬೇರೆ ದೇಶದ ತಂಡಗಳನ್ನು ಸೇರಿಸಿ ಒಂದೊಂದು ಕಂಪನಿ ಮಾಡುತ್ತಾರೆ. ಸಾವಿರಾರು ಜನ ಬದುಕುವ ಊರನ್ನು ಬಾಹ್ಯಾಕಾಶದಲ್ಲಿ ಕಟ್ಟಿ ಅಂತ ಬೇಡಿಕೆಗಳ ಪಟ್ಟಿ ಕೈಗೆ ಕೊಡುತ್ತಾರೆ. ನಿದ್ದೆಗೆಟ್ಟು ವಿನ್ಯಾಸ ಮಾಡಿ ಜಡ್ಜ್‌ಗಳ ಮುಂದೆ ನಿಲ್ಲಬೇಕು. ಪ್ರೆಸಿಡೆಂಟ್ ಆಗೋಕೆ ತುಂಬಾ ಜನ ಕೈ ಎತ್ತುತ್ತಾರೆ. ಎತ್ತಲಿ ಬಿಡು. ನೀನು ಆಪರೇಷನ್ಸ್ ವಿಭಾಗ ಕೇಳಿ ತಗೋ. ಗಾಳಿ, ನೀರು, ಊಟ, ಕಸ ಎಲ್ಲ ಅಲ್ಲೇ ಇರುತ್ತೆ.

ಆ ಊರನ್ನು ಸುತ್ತುವ ದೊಡ್ಡ ಚಕ್ರದ ಹಾಗೆ ಬಿಡಿಸೋಕೆ ಎಲ್ಲರಿಗೂ ಆಸೆ. ಚಿಕ್ಕವಳಿದ್ದಾಗ ನಮ್ಮ ಹಿತ್ತಲಲ್ಲಿ ತಂಬಿಗೆಗೆ ಹಗ್ಗ ಕಟ್ಟಿ, ನೀರು ತುಂಬಿಸಿ ಗಿರಗಿರ ತಿರುಗಿಸಿದ್ದೆ, ನೆನಪಿದೆಯಾ? ತಂಬಿಗೆ ತಲೆಕೆಳಗಾದರೂ ಒಂದು ಹನಿ ಚೆಲ್ಲಲಿಲ್ಲ. ಆ ಚಕ್ರದೊಳಗೆ ಜನ ನಿಲ್ಲೋದೂ ಹಾಗೇ. ಜೋರಾಗಿ ಸುತ್ತಿದರೆ ತಲೆ ತಿರುಗುತ್ತೆ. ನಿಮಿಷಕ್ಕೆ ಒಂದೇ ಸುತ್ತು ಸಾಕು ಅಂದರೆ, ಭೂಮಿಯ ಮೇಲಿನಷ್ಟೇ ತೂಕ ಸಿಗೋಕೆ ಸುಮಾರು 900 ಮೀಟರ್ ತ್ರಿಜ್ಯ ಬೇಕು. 1975ರ ನಾಸಾ ಅಧ್ಯಯನದಲ್ಲಿ ರೂಪುಗೊಂಡ, 10,000 ಜನರ ಸ್ಟ್ಯಾನ್‌ಫರ್ಡ್ ಟೋರಸ್ ಚಕ್ರದ ಅಡ್ಡಗಲ 1.8 ಕಿಲೋಮೀಟರ್. ಇದೆಲ್ಲ ನಿನಗೆ ಬಾಯಿಪಾಠ.

ನನಗೆ ಗೊತ್ತಿರೋದು ನೀರು. ಜೀವಮಾನವೆಲ್ಲ ನೀರು ಸರಬರಾಜಿನಲ್ಲೇ ಕಳೆದೆ. ನಮ್ಮ ನಗರಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತೇವೆ. 10,000 ಜನಕ್ಕೆ 13.5 ಲಕ್ಷ ಲೀಟರ್ ಆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಸೇರಿಸಿ 98% ನೀರನ್ನು ಮರಳಿ ಪಡೆಯೋದು 2023ರಲ್ಲಿ ಸಾಧ್ಯವಾಯಿತು. ನೀವು ಕಟ್ಟೋ ಊರಲ್ಲೂ ಅಷ್ಟೇ ಸಾಧಿಸಿದಿರಿ ಅನ್ನು. ಉಳಿದ 2% ಅಂದರೆ ದಿನಕ್ಕೆ 27,000 ಲೀಟರ್. ನಾಲ್ಕೈದು ಟ್ಯಾಂಕರ್ ನೀರು, ದಿನಾ! ಎಲ್ಲಿಂದ ತರ್ತೀರಿ? ಚಂದ್ರನ ಧ್ರುವದ ಮಂಜುಗಡ್ಡೆಯೋ, ಕ್ಷುದ್ರಗ್ರಹವೋ? ಇಲ್ಲಾ ಬಳಕೆಯನ್ನೇ ಕಡಿಮೆ ಮಾಡ್ತೀರೋ? ಕಂಪನಿಯಲ್ಲಿ ಈ ಪ್ರಶ್ನೆಯನ್ನು ಮೊದಲ ದಿನವೇ ನೀನು ಎತ್ತಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, ನಾನು ಎತ್ತಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನ ನಕ್ಷೆಯಲ್ಲಿ ಕೊನೆಯ ಬೀದಿಯ ಪೈಪ್ ಸಣ್ಣದಾಗಿದೆ ಅನ್ನಿಸಿತು. ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಹೌದು, ಸಣ್ಣದೇ. ಆ ಹಾಳೆ ಮಡಚಿ ಜೇಬಲ್ಲಿಟ್ಟುಕೊಂಡು ಮೀಟಿಂಗಿಗೆ ಹೋದೆ. ಎಲ್ಲರೂ ಹಿರಿಯರು, ಮಾತೆಲ್ಲ ಇಂಗ್ಲಿಷಿನಲ್ಲಿ. ಹಾಳೆ ಜೇಬಲ್ಲೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಆ ಬೀದಿಗೆ ಹೋದರೆ ನಲ್ಲಿಯಲ್ಲಿ ಬರೀ ಗಾಳಿ. ಬಸುರಿಯೊಬ್ಬಳು ಕೊಡ ಹೊತ್ತು ಮೇಲಿನ ಬೀದಿಯಿಂದ ಇಳಿದು ಬರುತ್ತಿದ್ದಳು. ಅವಳ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ, ಪುಟ್ಟಿ.

ಅಲ್ಲಿಗೆ ಬರುವ ಎಷ್ಟೋ ಮಕ್ಕಳ ಮನೆಮಾತೂ ಇಂಗ್ಲಿಷ್ ಅಲ್ಲ. ವ್ಯಾಕರಣಕ್ಕೆ ಹೆದರಬೇಡ. ಮೊದಲು ಅಂಕಿ ಹೇಳು, ವಿವರ ಆಮೇಲೆ. ಅಂಕಿ ಕೇಳಿದರೆ ಜನ ತಿರುಗಿ ನೋಡುತ್ತಾರೆ. ಯಾರಾದರೂ ನಿನ್ನ ಲೆಕ್ಕದಲ್ಲಿ ತಪ್ಪು ತೋರಿಸಿದರೆ ಅಲ್ಲೇ ತಿದ್ದಿಕೋ, ಮುನಿಸಿಕೊಂಡು ಮೂಲೆ ಸೇರಬೇಡ. ನಿನ್ನ ಯೋಚನೆ ಬಿಟ್ಟು ಇನ್ನೊಬ್ಬರದ್ದನ್ನು ಒಪ್ಪಿದರೆ, ಆ ಇನ್ನೊಬ್ಬರ ಸ್ಲೈಡ್ ಚೆನ್ನಾಗಿ ಬರೋಕೆ ಕೈ ಜೋಡಿಸು.

ಸ್ವೆಟರ್ ಮರೀಬೇಡ, ಹಾಲ್‌ಗಳಲ್ಲಿ ಏಸಿ ಜಾಸ್ತಿ ಇರುತ್ತೆ. ಚಟ್ನಿಪುಡಿ ಅತ್ತೆ ಕಟ್ಟಿಟ್ಟಿದ್ದಾಳೆ.

ಭಾನುವಾರ ಸಂಜೆ ಫೋನ್ ಮಾಡು. ನಾನು ಜಡ್ಜ್, ನೀನು ಆಪರೇಷನ್ಸ್. ಆ 27,000 ಲೀಟರಿಗೆ ದಾರಿ ಹುಡುಕಿಟ್ಟುಕೊಂಡಿರು. ಉತ್ತರ ಇಂಗ್ಲಿಷಿನಲ್ಲೇ ಕೊಡಬೇಕು, ಗಟ್ಟಿಯಾಗಿ.

ನಿನ್ನ ಪ್ರೀತಿಯ
ಮಾವ