ಮಗಳ ಕಬಡ್ಡಿ ಬಿಡಿಸಬೇಡ ದೋಸ್ತ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಮಗಳನ್ನು ಕಬಡ್ಡಿ ಟೀಮಿನಿಂದ ಬಿಡಿಸಿಬಿಟ್ಟೆ. ನನ್ನ ಮೊಣಕಾಲಿಗೆ ಬಂದ ಗತಿ ಅವಳಿಗೆ ಬೇಡ" ಅಂದೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ರಾತ್ರಿ ಬಸ್ಸು ಹತ್ತಿ ಬೆಳಗಾವಿಗೆ ಬಂದುಬಿಡೋಣ ಅನ್ನಿಸಿತು. ಆದರೆ ಈ ಮಾತು ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಊರಿನ ಮದುವೆಯಲ್ಲಿ ನಿನ್ನನ್ನು ನೋಡಿದೆ. ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತರು. ನೀನು ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಬಲ ಮೊಣಕಾಲು ಒತ್ತಿ ಹಿಡಿದು, ಅರ್ಧ ಬಗ್ಗಿ ಅಲ್ಲೇ ನಿಂತುಬಿಟ್ಟೆ. ಯಾರೋ ಹುಡುಗ ಕುರ್ಚಿ ತಂದುಕೊಟ್ಟ. ಊಟ ಮುಗಿಯುವವರೆಗೂ ನೀನು ತಲೆ ಎತ್ತಲಿಲ್ಲ. ನನಗೂ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಜಮಖಂಡಿ ಕಡೆಯ ಆ ಟೂರ್ನಮೆಂಟ್ ನೆನಪಿದೆಯಾ? ಸೆಮಿಫೈನಲ್. ನೀನು ರೈಡ್‌ಗೆ ಹೋಗಿದ್ದೆ. ಮೂಲೆಯವನು ಕಾಲು ಹಿಡಿದ. ಪಾದ ಮಣ್ಣಲ್ಲಿ ಊರಿತ್ತು, ಮೈ ಮಾತ್ರ ತಿರುಗಿತು. 'ಟಪ್' ಅಂದದ್ದು ಗೆರೆಯಾಚೆ ನಿಂತ ನನಗೂ ಕೇಳಿಸಿತು. ರಾತ್ರಿಯೊಳಗೆ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಅರಿಶಿನದ ಪಟ್ಟು ಹಾಕಿದೆವು. ಮರುದಿನ ಫೈನಲ್. ಕ್ಯಾಪ್ಟನ್ ನಾನು. "ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಇಳಿ, ಒಂದೇ ಆಟ" ಅಂದವನೂ ನಾನೇ. ನೀನು ಇಳಿದೆ. ಕಪ್ಪೂ ಬಂತು. ಆಮೇಲೆ ಮೂರ್ನಾಲ್ಕು ವರ್ಷ, "ಕಾಲು ಆಗಾಗ ಸಡಿಲ ಬಿಟ್ಟ ಹಾಗೆ ಆಗುತ್ತೆ" ಅನ್ನುತ್ತಲೇ ಆಡಿದೆ. ನಾವ್ಯಾರೂ ನಿನ್ನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಇದಕ್ಕೆ ಕ್ಷಮೆ ಕೇಳಬೇಕು ಅಂತ ಇಪ್ಪತ್ತೈದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಇವತ್ತು ಕೇಳುತ್ತಿದ್ದೇನೆ, ಕ್ಷಮಿಸು.

ಈಗಿನ ಡಾಕ್ಟರ್ ಕೂಡ ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹಿಂದೆಯೇ ಹರಿದಿದೆ ಅಂದರಲ್ವಾ? ಆ ಲಿಗಮೆಂಟ್ ಹರಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ 10ರಿಂದ 20 ವರ್ಷದೊಳಗೆ ಕೀಲು ಸವೆತ ಶುರುವಾಗುತ್ತದೆ. ಎಲುಬುಗಳ ನಡುವೆ ದಿಂಬಿನ ಹಾಗಿರುವ ಮಿನಿಸ್ಕಸ್ ಕೂಡ ಹರಿದಿದ್ದರೆ ಇನ್ನೂ ಜಾಸ್ತಿ. ನಿನ್ನ ಸಿಟ್ಟು ಆ ಪೆಟ್ಟಿನ ಮೇಲಿರಲಿ, ಅದನ್ನು ಸುಮ್ನೆ ಬಿಟ್ಟ ನಮ್ಮ ಮೇಲಿರಲಿ.

ಆಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಫಿನ್‌ಲ್ಯಾಂಡ್‌ನ ಹಳೇ ದೊಡ್ಡ ಆಟಗಾರರ ಮೊಣಕಾಲು ಪರೀಕ್ಷಿಸಿ 1995ರಲ್ಲಿ ಒಂದು ವರದಿ ಬಂತು. ಭಾರ ಎತ್ತುವವರಲ್ಲಿ 100ಕ್ಕೆ 31, ಫುಟ್ಬಾಲಿಗರಲ್ಲಿ 29, ಓಟಗಾರರಲ್ಲಿ 14, ಬಂದೂಕಿನಿಂದ ಗುರಿ ಹೊಡೆಯುವವರಲ್ಲಿ ಬರೀ 3 ಜನಕ್ಕೆ ಸವೆತವಿತ್ತು. ಕುಸ್ತಿಯವರಲ್ಲೂ ಇದು ಜಾಸ್ತಿ. ನಮ್ಮ ಗರಡಿ ಮನೆಯ ಹಳೇ ಪೈಲ್ವಾನರು ಕಟ್ಟೆಯಿಂದ ಏಳುವುದನ್ನು ನೋಡಿದ್ದೀಯಲ್ಲ. ಆದರೆ 2017ರಲ್ಲಿ ಓಟದ ಬಗ್ಗೆ ಹಲವು ಅಧ್ಯಯನ ಒಟ್ಟು ಹಾಕಿ ನೋಡಿದಾಗ, ಖುಷಿಗೆ ಓಡುವವರಲ್ಲಿ ಸೊಂಟ ಇಲ್ಲವೇ ಮೊಣಕಾಲಿನ ಸವೆತ ಇದ್ದವರು 100ಕ್ಕೆ 3.5. ಓಡದೇ ಕೂತವರಲ್ಲಿ 10.2! ಪೈಪೋಟಿಗೆ ಓಡುವವರಲ್ಲಿ ಮಾತ್ರ 13.3. ನನಗೆ ಇದನ್ನು ಓದಿ ನಿನ್ನ ಮಗಳೇ ಕಣ್ಣ ಮುಂದೆ ಬಂದಳು.

ನಮ್ಮ ಕಡೆ "ಮೊಣಕಾಲಿನ ಗ್ರೀಸ್ ಖಾಲಿಯಾಗಿದೆ" ಅಂತಾರೆ, ಗಾಡಿಯ ಬೇರಿಂಗ್ ಇದ್ದ ಹಾಗೆ. ಆದರೆ ಅದು ಹಾಗಲ್ಲ. ಎಲುಬಿನ ತುದಿಗಿರುವ ಮೆತ್ತೆಗೆ ರಕ್ತನಾಳವೇ ಇಲ್ಲ ಕಣೋ. ಹೆಜ್ಜೆ ಇಟ್ಟಾಗ ಅದು ಹಿಂಡಿಕೊಳ್ಳುತ್ತದೆ, ಎತ್ತಿದಾಗ ಸುತ್ತಲಿನ ನೀರು ಹೀರುತ್ತದೆ, ಸ್ಪಂಜಿನ ಹಾಗೆ. ಅದರ ಊಟ ಬರುವುದೇ ಹೀಗೆ. ಕಾಲು ಆಡಿಸದಿದ್ದರೆ ಅದಕ್ಕೆ ಉಪವಾಸ.

ನೀನು ಆಟ ಬಿಟ್ಟ ಮೇಲೆ ನಡಿಗೆಯನ್ನೂ ಬಿಟ್ಟೆ. ತೂಕ ಏರಿತು. ತೂಕ ಜಾಸ್ತಿ ಇದ್ದು ಮೊಣಕಾಲು ಸವೆದವರು ಒಂದು ಕಿಲೋ ಇಳಿಸಿದರೆ, ಹೆಜ್ಜೆ ಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದಂತೆ. ಫಿಸಿಯೋಥೆರಪಿಗೆ ನಾಲ್ಕು ದಿನ ಹೋಗಿ ಬಿಟ್ಟೆಯಂತೆ, ವೈನಿ ಹೇಳಿದರು. ದಯವಿಟ್ಟು ಮತ್ತೆ ಹೋಗು. ತೊಡೆಯ ಮುಂಭಾಗ ಗಟ್ಟಿಯಾದರೆ ಮೊಣಕಾಲಿನ ನೋವು ಇಳಿಯುತ್ತದೆ. ಎಕ್ಸ್‌ರೇ ನೋಡಿ ಹೆದರಬೇಡ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಆಗುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ.

ಮಗಳನ್ನು ಮತ್ತೆ ಮೈದಾನಕ್ಕೆ ಕಳಿಸು. ಹೆಣ್ಣುಮಕ್ಕಳಲ್ಲಿ ಈ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಜಾಸ್ತಿ, ಅದು ನಿಜ. ಆದರೆ ಹಾರಿ ಇಳಿಯುವಾಗ ಮೊಣಕಾಲು ಒಳಗೆ ವಾಲದ ಹಾಗೆ ಇಳಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ತೊಡೆ ಬಲ ಮಾಡುವುದು, ಇವನ್ನು ಆಟಕ್ಕೆ ಮೊದಲು ದಿನಾ ಹದಿನೈದು ಇಪ್ಪತ್ತು ನಿಮಿಷ ಮಾಡಿಸಿದರೆ ಆ ಪೆಟ್ಟು ಬಹಳಷ್ಟು ತಪ್ಪುತ್ತದೆ. ಅವಳ ಕೋಚ್ ಹತ್ತಿರ ನೀನೇ ಕೇಳು. 'ಟಪ್' ಅಂದು ಮೊಣಕಾಲು ಊದಿತೋ, ಆವತ್ತೇ ಆಟ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಲಿ. ಮರುದಿನ ಯಾವ ಫೈನಲ್ ಇದ್ದರೂ ಸರಿ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಬಾ. ವೈನಿ, ಮಗಳು ಇಬ್ಬರನ್ನೂ ಕರೆದುಕೊಂಡು ಬಾ. ಬೆಳಗ್ಗೆ ಗೋಳಗುಮ್ಮಟದ ಕಡೆ ಸೈಕಲ್ ಮೇಲೆ ಹೋಗೋಣ, ನಿಧಾನಕ್ಕೆ. ಸೀಟು ತಗ್ಗಿದ್ದರೆ ಮೊಣಕಾಲಿಗೆ ಭಾರ ಬೀಳುತ್ತದೆ, ನಿನ್ನ ಎತ್ತರಕ್ಕೆ ಏರಿಸಿ ಇಟ್ಟಿರುತ್ತೇನೆ.

ನಿನ್ನ,
ಹಳೇ ಕ್ಯಾಪ್ಟನ್