ತಟಸ್ಥರೆಂದರೆ ಲೆಕ್ಕದಲ್ಲಿ ವಿರೋಧಿಗಳೇ

ಮಾನ್ಯರೇ,

ಐರೋಪ್ಯ ಒಕ್ಕೂಟದಲ್ಲಿ ಮತದಾನವಾದಾಗಲೆಲ್ಲ ನಮ್ಮ ಪತ್ರಿಕೆಗಳು ‘ಇಷ್ಟು ದೇಶ ಪರ, ಇಷ್ಟು ವಿರೋಧ, ಉಳಿದವು ತಟಸ್ಥ’ ಎಂದು ಬರೆದು ಮುಗಿಸುತ್ತವೆ. ಆ ‘ಉಳಿದವು’ ಎಷ್ಟೋ ಸಲ ಸುದ್ದಿಯ ತಿರುಳೇ ಆಗಿರುತ್ತದೆ. ಸದಸ್ಯ ದೇಶಗಳ ಸಚಿವರು ಸೇರುವ ಸಚಿವರ ಮಂಡಳಿಯಲ್ಲಿ ಸಾಮಾನ್ಯ ಮಸೂದೆ ಗೆಲ್ಲಲು 27ರಲ್ಲಿ 15 ದೇಶಗಳು ಒಪ್ಪಬೇಕು. ಒಪ್ಪಿದ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65ರಷ್ಟಾದರೂ ಇರಬೇಕು. ಎಣಿಕೆಗೆ ಬರುವುದು ‘ಹೌದು’ ಮಾತ್ರ. ಸುಮ್ಮನೆ ಕೂತವರೂ ಬೇಡವೆಂದವರೂ ಅಲ್ಲಿ ಒಂದೇ.

ಜರ್ಮನಿಯಂಥ ದೊಡ್ಡ ದೇಶ ಪದೇ ಪದೇ ಸುಮ್ಮನೆ ಕೂರುವುದಕ್ಕೆ ಕಾರಣ ಬರ್ಲಿನ್‌ನಲ್ಲಿದೆ. ಅಲ್ಲಿ ಪ್ರತಿ ಕಡತಕ್ಕೂ ಒಂದು ಮುಖ್ಯ ಸಚಿವಾಲಯ. ಸಂಬಂಧಪಟ್ಟ ಬೇರೆ ಸಚಿವಾಲಯಗಳ ಒಪ್ಪಿಗೆಯನ್ನು ಅದು ಪಡೆಯಬೇಕು. ಸಮ್ಮಿಶ್ರ ಸರ್ಕಾರದಲ್ಲಿ ಒಂದೊಂದು ಖಾತೆ ಒಂದೊಂದು ಪಕ್ಷದ ಕೈಲಿರುತ್ತದೆ. ಒಮ್ಮತವಾಗದಿದ್ದರೆ ತಟಸ್ಥ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಇದಕ್ಕೆ ‘ಜರ್ಮನ್ ವೋಟ್’ ಎಂದೇ ಹೆಸರು. 2017ರ ನವೆಂಬರ್ 27ರಂದು ಗ್ಲೈಫೋಸೇಟ್ ಕಳೆನಾಶಕದ ಅನುಮತಿಯನ್ನು 5 ವರ್ಷ ವಿಸ್ತರಿಸುವ ಪ್ರಸ್ತಾವ ಬಂದಾಗ ಪರಿಸರ ಸಚಿವೆ ಬಾರ್ಬರಾ ಹೆಂಡ್ರಿಕ್ಸ್ ಒಪ್ಪಿರಲಿಲ್ಲ. ಆದರೂ ಕೃಷಿ ಸಚಿವ ಕ್ರಿಶ್ಚಿಯನ್ ಶ್ಮಿಟ್ ಪರವಾಗಿ ಮತ ಹಾಕಿಸಿದರು. 18 ದೇಶ ಪರ, 9 ವಿರೋಧ, 1 ತಟಸ್ಥ (ಆಗ ಬ್ರಿಟನ್ ಸೇರಿ 28 ದೇಶಗಳಿದ್ದವು). ಜರ್ಮನಿ ಜತೆಗಿರದಿದ್ದರೆ ಶೇ 65 ಮುಟ್ಟುತ್ತಲೇ ಇರಲಿಲ್ಲ. ಚಾನ್ಸಲರ್ ಮರ್ಕೆಲ್ ಬಹಿರಂಗವಾಗಿಯೇ ಆಕ್ಷೇಪಿಸಿದರು, ಮತವೇನೂ ಬದಲಾಗಲಿಲ್ಲ.

2024ರ ಜೂನ್ 17ರಂದು ಆಸ್ಟ್ರಿಯಾದ ಸಚಿವೆ ಲಿಯೊನೊರೆ ಗೆವೆಸ್ಲರ್, ಚಾನ್ಸಲರ್ ನೆಹಮರ್ ಅವರ ವಿರೋಧವಿದ್ದರೂ ನಿಸರ್ಗ ಪುನಶ್ಚೇತನ ಕಾಯ್ದೆಗೆ ಒಪ್ಪಿಗೆ ಕೊಟ್ಟರು. ಪರ ಬಿದ್ದದ್ದು 20 ದೇಶ, ಜನಸಂಖ್ಯೆಯ ಶೇ 66.07. ಆಸ್ಟ್ರಿಯಾದ ಪಾಲು ಸುಮಾರು ಶೇ 2, ಕಳೆದು ನೋಡಿ. ಅಧ್ಯಕ್ಷತೆ ವಹಿಸಿದ್ದ ಬೆಲ್ಜಿಯಂ, ಮೇಜಿನೆದುರು ಕೂತ ಸಚಿವರ ಮತವನ್ನೇ ದೇಶದ ಮತವೆಂದು ಎಣಿಸಿತು. ಇಲಾಖೆಗಳೊಳಗಿನ ಜಗಳ ಆ ಮೇಜಿನವರೆಗೆ ಬರುವುದೇ ಇಲ್ಲ.

ಫ್ರಾನ್ಸ್ ಈ ವಿಷಯದಲ್ಲಿ ಬಿಗಿ. ಎರಡನೇ ಮಹಾಯುದ್ಧದ ನಂತರ ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ನೆರವನ್ನು ನಿಭಾಯಿಸಲು 1948ರಲ್ಲಿ ಹುಟ್ಟಿ, 2005ರಲ್ಲಿ ಹೊಸ ಹೆಸರು ಪಡೆದ ಐರೋಪ್ಯ ವ್ಯವಹಾರಗಳ ಪ್ರಧಾನ ಕಾರ್ಯಾಲಯ ಪ್ರಧಾನಿಯ ಅಧೀನದಲ್ಲಿದೆ. ಸಚಿವಾಲಯಗಳನ್ನು ಕೂರಿಸಿಕೊಂಡು ಒಂದೇ ನಿಲುವಿಗೆ ತರುವುದು ಅದರ ಕೆಲಸ. ಬಗೆಹರಿಯದಿದ್ದರೆ ತೀರ್ಮಾನ ಪ್ರಧಾನಿ ಕಚೇರಿಯದು. ಡೆನ್ಮಾರ್ಕ್‌ನಲ್ಲಿ ಸಚಿವರು ಮುಖ್ಯ ಸಭೆಗೆ ಹೊರಡುವ ಮುನ್ನ ಸಂಸತ್ತಿನ ಐರೋಪ್ಯ ಸಮಿತಿಯ ಮುಂದೆ ತಮ್ಮ ನಿಲುವನ್ನು ಇಡಬೇಕು. ಅಲ್ಲಿ ಬಹುಮತ ವಿರುದ್ಧವಾಗದಿದ್ದರಷ್ಟೇ ಮುಂದಿನ ಹೆಜ್ಜೆ.

ಇಷ್ಟಿದ್ದೂ ಎಡವುವುದು ಸಮಯದಲ್ಲಿ. ಕರಡು ಮೊದಲು ಅಧಿಕಾರಿಗಳ ಕಾರ್ಯತಂಡಕ್ಕೆ, ನಂತರ ‘ಕೊರೆಪೆರ್’ ಎಂಬ ರಾಯಭಾರಿಗಳ ಸಮಿತಿಗೆ, ಕೊನೆಗೆ ಸಚಿವರ ಮುಂದೆ ಬರುತ್ತದೆ. ಬಹುಪಾಲು ಸಾಲುಗಳು ಕೆಳಗಿನ ಎರಡು ಹಂತಗಳಲ್ಲೇ ಇತ್ಯರ್ಥವಾಗಿ, ಸಚಿವರು ಎಷ್ಟೋ ಕಡತಗಳಿಗೆ ಚರ್ಚೆಯಿಲ್ಲದೆ ಒಪ್ಪಿಗೆ ಒತ್ತುತ್ತಾರೆ. ತಿದ್ದಿದ ಕರಡು ಕೆಲವೊಮ್ಮೆ ಸಭೆಯ ಹಿಂದಿನ ದಿನ ಕೈಸೇರುತ್ತದೆ. ಅಷ್ಟರಲ್ಲಿ ಎಲ್ಲ ಸಚಿವಾಲಯಗಳಿಗೂ ಅದನ್ನು ಸುತ್ತಿಸಿ ಉತ್ತರ ಪಡೆಯುವುದೆಲ್ಲಿಂದ? ಖರ್ಚಿನ ಬಾಬತ್ತು ಕಂಡು ಹಣಕಾಸು ಸಚಿವಾಲಯ ಆಕ್ಷೇಪ ಎತ್ತುವ ಹೊತ್ತಿಗೆ ರಾಯಭಾರಿ ಹೂಂ ಎಂದಾಗಿರುತ್ತದೆ. ಇನ್ನೊಂದು ಎಡವಟ್ಟು: ಸಂಧಾನಕ್ಕೆ ಹೋಗುವವರು ಬೇರೆ, ಒಕ್ಕೂಟದ ನಿರ್ದೇಶನವನ್ನು ದೇಶದ ಕಾನೂನಾಗಿ ಬರೆಯುವವರು ಬೇರೆ. ಬರೆಯುವವರಿಗೆ ಎಷ್ಟೋ ಸಲ ಮೂಲ ಪಠ್ಯ ಸಿಗುವುದೇ ಅಂಗೀಕಾರವಾದ ಮೇಲೆ. ಸಾಮಾನ್ಯವಾಗಿ ಸಿಗುವ 2 ವರ್ಷದ ಗಡುವು ತಪ್ಪಿದರೆ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಕೋರ್ಟಿಗೆ ಎಳೆದು ದಂಡ ಕೇಳಬಹುದು.

ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇದನ್ನು ಗಮನಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಯುರೋಪಿನ ಬಾಗಿಲು ಮುಚ್ಚುವ ನಿಯಮ 2024ರ ಕೊನೆಗೇ ಜಾರಿಯಾಗಬೇಕಿತ್ತು, ಅದನ್ನು ಮುಂದೂಡಿದ್ದೂ ಇದೇ ಮಂಡಳಿ ಮತ್ತು ಐರೋಪ್ಯ ಸಂಸತ್ತು. ಜರ್ಮನಿಯಲ್ಲಿ ಆ ನಿಯಮದ ತಪಾಸಣೆ ಕೃಷಿ ಸಚಿವಾಲಯದ ಅಧೀನ ಕಚೇರಿಯದ್ದು, ಬಂದರಿನ ಕಸ್ಟಮ್ಸ್ ಹಣಕಾಸು ಸಚಿವಾಲಯದ್ದು. ಬ್ರಸೆಲ್ಸ್‌ಗೆ ಮಾತ್ರ ಮನವಿ ಕಳಿಸಿ ಕಾಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ಕಾಫಿ ಹೆಚ್ಚಾಗಿ ಹೋಗುವ ಇಟಲಿ, ಜರ್ಮನಿ, ಬೆಲ್ಜಿಯಂಗಳಲ್ಲಿ ಕಡತ ಯಾವ ಸಚಿವಾಲಯದಲ್ಲಿದೆ ಎಂದು ತಿಳಿದು, ಕರಡು ಇನ್ನೂ ಕಾರ್ಯತಂಡದಲ್ಲಿರುವಾಗಲೇ ಅಲ್ಲಿಗೆ ಬರೆಯಬೇಕು. ನಾಲ್ಕು ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಒಂದೇ ಜಿಪಿಎಸ್ ಬಿಂದು ಸಾಕು ಎಂಬಂಥ ವಿವರಗಳನ್ನು ಕೊರೆಪೆರ್ ದಾಟಿದ ಮೇಲೆ ತಿದ್ದಿಸುವುದು ಬಲು ಕಷ್ಟ.

–ಓದುಗರು, ಮಡಿಕೇರಿ